ಹಗ್ಗದ ನಡುವೆ

ಸೇತುವೆ ಬರುವ ಮೊದಲು
ನೂ ನದಿಯ ಮೇಲೆ ಎರಡು ಹಗ್ಗಗಳಿದ್ದವು,
ಹೋಗಲಿಕ್ಕೊಂದು, ಬರಲಿಕ್ಕೊಂದು.
ನಮ್ಮ ದಡದಲ್ಲಿ ಜೋಳ, ಹಂದಿ, ಅಪ್ಪನ ಕುಡಿತ.
ಆಚೆ ದಡದಲ್ಲಿ ಹಲಗೆಗೋಡೆಯ ಸಭೆ,
ಅದರ ಹಿಂದೆ ಒಂದು ಒಲೆ, ಒಲೆಯ ಹತ್ತಿರ ಅಖಿಮಾ.

ನನಗಾಗ ಹನ್ನೊಂದು ವರ್ಷ.
ಸೆಣಬಿನ ಪಟ್ಟಿಯಿಂದ ತನ್ನ ಸೊಂಟಕ್ಕೆ ನನ್ನನ್ನು ಬಿಗಿದು
ಮರದ ಜಾರುಗೊರಡಿಗೆ ನೀರು ಚಿಮುಕಿಸಿ ಅಂದಳು:
ಕಣ್ಣು ಮುಚ್ಚಬೇಡ, ಕೆಳಗೆ ನೋಡಬೇಡ,
ನನ್ನ ಕಿವಿ ನೋಡು.
ನೋಡಿದೆ. ಓಲೆಯಿಲ್ಲದ ತೂತು.
ಅದರೊಳಗಿಂದ ಇಡೀ ಬೆಟ್ಟ ಹಾರಿ ಹೋಯಿತು.

ಹಗ್ಗದ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಅರ್ಧ ದಾರಿ ಅದೇ ಒಯ್ಯುತ್ತದೆ.
ಗೊರಡು ಕಾದು ಹೊಗೆಯ ವಾಸನೆ,
ಬಾಯಲ್ಲಿ ಗಾಳಿ, ನಗು ಬರುತ್ತದೆ.
ಆಮೇಲೆ ಹಗ್ಗ ಜೋತುಬಿದ್ದಲ್ಲಿ
ಸುಮ್ಮನೆ ನಿಂತುಬಿಡುತ್ತದೆ,
ಕೆಳಗೆ ನೀರು ಮಾತ್ರ ನಿಲ್ಲುವುದಿಲ್ಲ.
"ಇನ್ನು ಕೈ," ಅಂದಳು ಅಖಿಮಾ.
ಒಂದು ಹಿಡಿ, ಇನ್ನೊಂದು ಹಿಡಿ,
ನನ್ನ ಭಾರವನ್ನೂ ಸೇರಿಸಿ
ದಡದವರೆಗೆ ಎಳೆದಳು.
ಅವಳ ಉಸಿರು ನನ್ನ ನೆತ್ತಿಯ ಮೇಲೆ ಬಿಸಿಯಾಗಿತ್ತು.

ಅವಳೇ ಅಕ್ಷರ ಕಲಿಸಿದಳು.
ನಮ್ಮ ಲಿಸು ಅಕ್ಷರಗಳಲ್ಲಿ ಕೆಲವು ಬೋರಲು ಮಲಗಿರುತ್ತವೆ,
ಕೆಲವು ಗೋಡೆಗೆ ಮುಖ ಮಾಡಿ ನಿಂತಿರುತ್ತವೆ.
ಬೂದಿಯಲ್ಲಿ ಬರೆದು, ಅಳಿಸಿ, ಬರೆದು
ಒಂದು ಚಳಿಗಾಲ ಕಳೆಯಿತು.
ಓದಲು ಬಂತು ಎಂದು ಕುಣಿದರೆ
"ನಿನ್ನ ತಂಗಿಗೆ ಬಂತೇ?" ಎಂದು ಕೇಳಿದಳು.
ಅಷ್ಟೇ. ಹೊಗಳಲಿಲ್ಲ.

ದೀಕ್ಷಾಸ್ನಾನದ ದಿನ ಹಳ್ಳದ ನೀರು ಮೂಳೆ ಕೊರೆಯಿತು.
ಮೇಲೆದ್ದಾಗ ಎಲ್ಲಾ ಮುಗಿಯಿತು ಅಂದುಕೊಂಡೆ.
ಈಗ ಗೊತ್ತು, ಅದು ಆ ಮೊದಲರ್ಧದ ಗಾಳಿ.

ಮದುವೆ, ಮೂರು ಹೆರಿಗೆ, ಒಂದು ಮಣ್ಣು.
ಬೇಲಿಯ ಮೇಲಿನ ಅಕ್ರೋಟು ಮರ ಯಾರದೆಂದು
ಓರಗಿತ್ತಿಯೊಡನೆ ಜಗಳ.
ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ಸಾಲಾಗಿ ನಿಂತು
ಒಬ್ಬರೂ ಬಿಡದಂತೆ ಎಲ್ಲರ ಕೈ ಕುಲುಕುತ್ತೇವೆ.
ಏಳು ವರ್ಷ ನಾನು
ಅವಳು ಬರುವ ಹೊತ್ತಿಗೆ ಸರಿಯಾಗಿ
ಮಗುವಿನ ಮೂಗು ಒರೆಸಲು ಬಾಗಿದೆ.
ಮಗು ಬೆಳೆದು ಎತ್ತರವಾದ ಮೇಲೂ ಬಾಗಿದೆ.

ಅಖಿಮಾ ಕಂಡಿದ್ದಳು. ಬೈಯಲಿಲ್ಲ.
ಸಾಯುವ ಹಿಂದಿನ ಬೇಸಿಗೆ, ಗೆಣಸು ಸುಲಿಯುತ್ತಾ,
"ನನಗೂ ಎರಡು ವರ್ಷ ಪ್ರಾರ್ಥನೆ ನಿಂತಿತ್ತು,
ನಿನ್ನನ್ನು ಹೊತ್ತು ದಾಟಿಸುತ್ತಿದ್ದ ವರ್ಷಗಳೇ ಅವು," ಅಂದಳು.
ನಾನು ಚಾಕು ಕೆಳಗಿಟ್ಟೆ.
"ಮತ್ತೆ ಹೇಗೆ?"
"ನೀನು ಸೊಂಟಕ್ಕೆ ಕಟ್ಟಿಕೊಂಡಿದ್ದೆಯಲ್ಲ,
ಕೈ ಬಿಡುವುದು ಹೇಗೆ?"

ಈಗ ಕಾಂಕ್ರೀಟಿನ ಸೇತುವೆ.
ದೋಫು ಎಂಬ ಹುಡುಗ ಮೋಟಾರ್ ಸೈಕಲ್ ಮೇಲೆ ಬಂದು
ಹೆಲ್ಮೆಟ್ ಮಡಿಲಲ್ಲಿಟ್ಟು ನನ್ನ ಮುಂದೆ ಕೂರುತ್ತಾನೆ.
ಕುಡಿತ ಬಿಟ್ಟು ನಾಲ್ಕು ತಿಂಗಳು, ನಡುವೆ ಎರಡು ಸಲ ಜಾರಿದ್ದಾನೆ.
"ಇನ್ನೆಷ್ಟು ದಿನ ಬೇಕು, ಅಜ್ಜಿ?" ಅನ್ನುತ್ತಾನೆ.
ಅಂಗೈ ತೋರಿಸುತ್ತೇನೆ.
ಹಳೆಯ ದಡ್ಡು. ಅವನಿಗೆ ಅರ್ಥವಾಗುವುದಿಲ್ಲ.

ನಿನ್ನೆ ಅವನು ಬೆರಳಿಟ್ಟು ಓದುತ್ತಿದ್ದ.
ಕಾಣಿಕೆ ಹಿಡಿದು ಬಂದವನು
ಅರ್ಧದಲ್ಲೇ ಎದ್ದು ಸೋದರನ ಬಳಿ ಹೋಗಬೇಕಾದ ಆ ಮಾತು.
ಓದಿ ನಿಲ್ಲಿಸಿದ.
ತಲೆಯೆತ್ತಿ ನೋಡಿದ.
ಊರು ಚಿಕ್ಕದು, ಅವನಿಗೆ ಗೊತ್ತು.
ತಪ್ಪು ಮಾಡಿದವನಂತೆ ಪುಟ ತಿರುಗಿಸಹೊರಟ.
ನಾನೇ ಅವನ ಬೆರಳು ತಡೆದೆ.
"ಇನ್ನೊಮ್ಮೆ ಓದು."

ಕರ್ತನೇ, ನಾನು ಕಟ್ಟಿಕೊಂಡ ಹುಡುಗ
ನನ್ನನ್ನೇ ಎಳೆಯತೊಡಗಿದ್ದು ಯಾವಾಗ?

ಇವತ್ತು ಬೆಳಿಗ್ಗೆ, ಮಂಜು ಇನ್ನೂ ನದಿ ಬಿಟ್ಟೇಳದಾಗ
ಒಂದು ಚೀಲ ಅಕ್ರೋಟು ಬೆನ್ನಿಗೆ ಹಾಕಿಕೊಂಡು
ಸೇತುವೆ ಹತ್ತಿದೆ. ಓರಗಿತ್ತಿಯ ಮನೆ ಆಚೆಗೆ.
ಸೇತುವೆ ಜೋತುಬೀಳುವುದಿಲ್ಲ, ನೆಲದಷ್ಟೇ ಸಪಾಟು.
ಆದರೂ ಸರಿಯಾಗಿ ನಡುವೆ ಕಾಲು ನಿಂತವು.
ಕೆಳಗೆ ನೀರಿನ ಸದ್ದು.
ಬಾಯಿಗೆ ಒಂದು ಮಾತೂ ಸಿಗಲಿಲ್ಲ.
ಎರಡೂ ಕೈ ಮಾತ್ರ ತಾವಾಗಿಯೇ ಮೇಲೆದ್ದು
ಅಲ್ಲಿಲ್ಲದ ಹಗ್ಗವನ್ನು ಹಿಡಿದವು,
ಒಂದು ಹಿಡಿ,
ಇನ್ನೊಂದು ಹಿಡಿ.