ನಾಲ್ಕು ನಿಮಿಷ ಹಿಂದೆ

ಕ್ಲಾಕ್ಸ್‌ವಿಕ್ ಊರಿನ ಕೋಣೆಯಲ್ಲಿ ರನ್ವಾ
ಕಪ್ಪು ಪರದೆಗೆ ಒಂದು ಸಾಲು ಬರೆದು ಕೇಳುತ್ತಾಳೆ:
ಆಚೆ ದ್ವೀಪದ ಮೀನುಮರಿ ಕೊಳ ಕಾಯುವ ಕಂಪ್ಯೂಟರೇ,
ಕಳೆದ ಗಂಟೆಯಲ್ಲಿ ಏನೇನಾಯಿತು, ಹೇಳು.

ಅದಕ್ಕೆ ದಾಕ್ಷಿಣ್ಯವಿಲ್ಲ. ಆದದ್ದನ್ನಷ್ಟೇ ಒದರುತ್ತದೆ:
೩:೦೭ ವಿದ್ಯುತ್ ಹೋಯಿತು. ಬ್ಯಾಟರಿ.
೩:೨೧ ಬಾಗಿಲು ತೆರೆಯಿತು.
೩:೨೨ ಪಾಸ್‌ವರ್ಡ್ ತಪ್ಪು.
ತಪ್ಪು.
ತಪ್ಪು.

ಕಳ್ಳನಲ್ಲ, ಅವಳಿಗೆ ಗೊತ್ತು.
ಟ್ರೋಂಡುರನ ಬೆರಳು ಮರಗಟ್ಟಿವೆ,
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದಾನೆ.
ಮೂರು ದಿನದಿಂದ ದೋಣಿಯಿಲ್ಲ, ಸಂಜೆಯೇ ಫೋನ್ ಸತ್ತಿತು;
ಈ ಹಸಿರು ಅಕ್ಷರವೇ ಈಗ ಅವನ ಮುಖ.

೩:೨೩ ಸರಿ.
೩:೩೧ ಪಂಪ್ ಚಾಲೂ. ನೀರಲ್ಲಿ ಆಮ್ಲಜನಕ ಏರುತ್ತಿದೆ.
೩:೪೦ ಬಾಗಿಲು ಮುಚ್ಚಿತು.

ಆಮೇಲೆ ಬರೀ ಕರ್ಸರ್.
ಪಂಪಿನ ಮನೆಯಿಂದ ಅವನ ಮನೆಗೆ
ಕಡಲಂಚಿನ ಬಂಡೆ, ಹಿಮ, ಗಾಳಿ, ಕಾಲು ಮೈಲಿ:
ಅದನ್ನು ಬರೆದಿಡುವ ಲಾಗ್ ಇಲ್ಲ.
ಅದೇ ಪ್ರಶ್ನೆ ಮತ್ತೆ ಒತ್ತುತ್ತಾಳೆ. ಹೊಸದೇನೂ ಇಲ್ಲ.
ಮತ್ತೆ.

ಆ ಕಂಪ್ಯೂಟರಿನ ಗಡಿಯಾರ ನಾಲ್ಕು ನಿಮಿಷ ಹಿಂದೆ.
ಸರಿಪಡಿಸುವ ಆಜ್ಞೆ ಅವಳಿಗೆ ಬಾಯಿಪಾಠ,
ಅರ್ಧ ಟೈಪಿಸಿ ಅಳಿಸಿದಳು.
ಇರಲಿ, ಇವತ್ತೊಂದು ರಾತ್ರಿ
ಆ ನಾಲ್ಕು ನಿಮಿಷ ಅವನ ನಡಿಗೆಗೆ.