ಕೂಡು ಗುರುತು

ಶುಕ್ರವಾರ ರಾತ್ರಿ ಕೇಳಿತ್ತು:
ಈಗಲೇ ಮಾಡಲೇ, ಬೆಳಗಿನ ಜಾವ ಮಾಡಲೇ?
ಜಾವಕ್ಕೆ ಅಂದೆ. ಮಾಡಿಕೊಂಡು ಕೂತಿದೆ.
ಕಿಟಕಿಗಳ ಮೂಲೆ ಇನ್ನಷ್ಟು ದುಂಡಗಾಗಿವೆ,
ಪರದೆಯ ಹಿಂದೆ ನಾನೆಂದೂ ಕಾಣದ ಯಾವುದೋ ಮರುಭೂಮಿ.
ಗಾಜಿನಾಚೆ ಮಾತ್ರ ಅದೇ ಓರ್ಟಾ ಬಂದರು,
ನೀರಿನಾಚೆ ಮೋಡದ ಟೋಪಿ ಹಾಕಿಕೊಂಡ ಪೀಕು ಬೆಟ್ಟ.
ಅದಕ್ಕೆ ಯಾರೂ ಹೊಸ ಆವೃತ್ತಿ ತಂದಿಲ್ಲ.

ಕೋರ್ವು ದ್ವೀಪದ ಕಟ್ಟೆಯನ್ನು
ದಿನವೂ ಕೂಗುವ ಹಾಗೆ ಕೂಗಿದೆ:
ಮೂರಕ್ಷರ, ಒಂದು ತೆರಪು, ಒಂದು ಹೆಸರು.
ಹನ್ನೊಂದು ವರ್ಷ ಈ ಕೂಗಿಗೆ ಓಗೊಟ್ಟಿದೆ,
ಉಬ್ಬರವೆಷ್ಟು ಇಳಿತವೆಷ್ಟು
ಹತ್ತು ಹತ್ತು ನಿಮಿಷದ ಲೆಕ್ಕ ಒಪ್ಪಿಸಿದೆ.
ಇವತ್ತು ಒಂದೇ ಸಾಲು: ಹೊಂದಾಣಿಕೆಯಾಗಲಿಲ್ಲ.

ಮೊದಲು ತಂತಿಯನ್ನು ಬೈದೆ,
ಆಮೇಲೆ ಕಡಲಡಿಯ ಕೇಬಲನ್ನು, ಆಮೇಲೆ ಇಲಾಖೆಯನ್ನು.
ಪಿಂಗ್ ಕಳಿಸಿದೆ. ಹೋಯಿತು, ಬಂತು.
ಬದುಕಿದೆ. ಮಾತಾಡುತ್ತಿಲ್ಲ.
ಇಂಥದ್ದನ್ನು ಮನೆಯಲ್ಲೂ ಕಂಡಿದ್ದೇನೆ.

ಜೆಫೆರೀನುಗೆ ಫೋನು.
ಬೆಳಿಗ್ಗೆ ಹಸು ಕರೆದು, ಮಧ್ಯಾಹ್ನ
ವಿಮಾನದ ಪಟ್ಟಿಯ ಪಕ್ಕ ಅಗ್ನಿಶಾಮಕದ ಸಮವಸ್ತ್ರ ತೊಟ್ಟು
ಬೆಂಕಿಯಿಲ್ಲದೆ ನಿಂತಿರುವವನು.
'ಕಟ್ಟೆಗೆ ಹೋಗು, ಪೆಟ್ಟಿಗೆಯಲ್ಲಿ ದೀಪ ಇದೆಯಾ ನೋಡು.'
ಗಾಳಿ. ಬೂಟು. ತುಕ್ಕು ಹಿಡಿದ ಕೀಲಿನ ಕಿರ್ರ್.
'ಹಸಿರು, ಮಿಣುಕುತ್ತಿದೆ. ಒಂದು ಜೇಡ ಬೆಚ್ಚಗೆ ಕೂತಿದೆ. ಓಡಿಸಲೇ?'
'ಬೇಡ.'
'ನಿನ್ನೆ ತನಕ ಸರಿಯಿತ್ತಲ್ಲ ದಿಯೊಲಿಂಡಾ,
ಯಾರು ಬದಲಾದರು?'

ಉತ್ತರ ಕೊಡದೆ ಇಟ್ಟೆ.

ಆಜ್ಞೆಯ ಬಾಲಕ್ಕೆ ಒಂದು ವಿ ಹಚ್ಚಿದೆ,
ಬಾಯಿ ಬಿಡು ಅಂತ. ಎರಡು ವಿ. ಮೂರು.
ಆಗ ಕಪ್ಪು ಪರದೆ ಚಾಡಿಕೋರನ ಹಾಗೆ ಎಲ್ಲ ಹೇಳಿತು:
ಹೋದೆವು, ಇಪ್ಪತ್ತೆರಡನೇ ಬಾಗಿಲು ತಟ್ಟಿದೆವು, ತೆರೆಯಿತು.
ಅವರು ತಮ್ಮ ಆವೃತ್ತಿ ಹೇಳಿದರು, ನಾವು ನಮ್ಮದು.
ಗುರುತು ಕೇಳಿದೆವು.
ಇದ್ದ ಒಂದೇ ಒಂದನ್ನು ತೋರಿಸಿದರು.
ಅದೀಗ ನಡೆಯುವುದಿಲ್ಲ.
ನಾವೇ ಎದ್ದು ಬಂದೆವು.

ನಾವೇ.

ಬ್ಯಾಂಕಿನ ಗಾಜಿನ ಮುಂದೆ ದೊಡ್ಡಮ್ಮ ಫೆಲಿಸ್ಬೇಲಾ
ಹಳದಿ ಗುರುತಿನ ಚೀಟಿ ಹಿಡಿದು ನಿಂತದ್ದು ನೆನಪಾಯಿತು.
ಒಳಗೆ ಕೂತವನು ಅವಳ ಅಡುಗೆಮನೆಯಲ್ಲೇ
ಬಿಸಿ ರೊಟ್ಟಿ ತಿಂದು ಬೆಳೆದ ಹುಡುಗ.
ಇವಳು ಇವಳೇ ಅಂತ ಅವನಿಗೆ ಗೊತ್ತಿತ್ತು.
ಪಟ್ಟಿಗೆ ಗೊತ್ತಿರಲಿಲ್ಲ.
ಅವಳು ಚೀಟಿಯನ್ನು ಸೆರಗಂಚಿಲ್ಲದ ಕೋಟಿಗೆ ಒರೆಸಿ
ಮತ್ತೊಮ್ಮೆ ತೋರಿಸಿದಳು,
ಕೊಳೆಯಾಗಿದ್ದರಿಂದ ಕಾಣಲಿಲ್ಲವೇನೋ ಅಂದುಕೊಂಡು.

ಹೊಸದರ ತಪ್ಪೂ ಅಲ್ಲ. ಆ ಹಳೆಯ ಬೀಗ
ಈಗ ಕಡ್ಡಿಪುಳ್ಳೆಗೂ ತೆರೆದುಕೊಳ್ಳುತ್ತದಂತೆ.
ಸಂರಚನೆಯ ಕಡತ ತೆರೆದು, ಸಿಟ್ಟಿನಲ್ಲಿ,
ಮೊದಲು ನಕ್ಷತ್ರ ಹಾಕಿದೆ: ಎಲ್ಲರಿಗೂ ನಡೆಯಲಿ.
ಅಳಿಸಿದೆ. ಒಬ್ಬಳು ಮುದುಕಿಗಾಗಿ
ಊರಿಗೆಲ್ಲ ಕದ ತೆಗೆದಿಡುವುದು ಔದಾರ್ಯವಲ್ಲ.
ಕೋರ್ವುವಿನ ಹೆಸರೊಂದನ್ನೇ ಬರೆದು,
ಕೆಳಗೆ ಹಳೆಯ ಗುರುತಿನ ಹೆಸರು,
ಅದರ ಮುಂದೆ ಒಂದು ಕೂಡು ಚಿಹ್ನೆ.
ಮರೆತರೆ ಹೊಸವೆಲ್ಲ ಹೋಗಿ ಹಳೆಯದೊಂದೇ ಉಳಿಯುತ್ತದೆ.
ಇದ್ದರೆ, ಇರುವವರ ಜೊತೆ ಇವಳೂ.
ಅಷ್ಟೇ, ಎರಡು ಗೀಟು,
ಒಂದರ ಮೇಲೊಂದು ಅಡ್ಡಬಿದ್ದವು.

ಕೂಗಿದೆ.
ತಡವರಿಸದೆ ಬಂತು, ಕೋಪವಿಲ್ಲದೆ,
ನಾನು ಕಿವಿಗೊಡದ ಮೂರೂವರೆ ಗಂಟೆಯ ನೀರನ್ನೂ
ಸೆಂಟಿಮೀಟರು ಬಿಡದೆ ಬರೆದಿಟ್ಟುಕೊಂಡು.

ಯಾರು ಬದಲಾದರು ಅಂತ ಜೆಫೆರೀನುಗೆ ಹೇಳಬೇಕಿತ್ತು.
ಫೋನು ಎತ್ತಲಿಲ್ಲ.
ವಿಮಾನ ಇಳಿಯುವ ಹೊತ್ತು.
ಪಟ್ಟಿಯ ಪಕ್ಕ ನಿಂತಿರುತ್ತಾನೆ.