ಹನ್ನೆರಡು ತಲೆ

ಬೆಳಗಿನ ಐದಕ್ಕೆ
ವಾಲ್ದಿವಿಯದ ಕಸಾಯಿಖಾನೆಯ ಹಿಂಬಾಗಿಲಲ್ಲಿ
ಐಸು ತುಂಬಿದ ಬಕೆಟ್ಟು ಹಿಡಿದು ನಿಂತಿರುತ್ತೇನೆ.
"ಇವತ್ತೆಷ್ಟು ತಲೆ, ಒತೀಲಿಯಾ?" ಎನ್ನುತ್ತಾನೆ ಎಲಿಸೆಯೋ.
ಹನ್ನೆರಡು. ಹದಿನೈದಾದರೆ ಒಳ್ಳೆಯದು.
ಬಿಸಿ ಆರುವ ಮೊದಲೇ ಕೊಡು.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.
ಹಸುವಿನ ಮಿದುಳನ್ನು ಎರಡು ಹೋಳು ಮಾಡಿ
ಒಳಗಿನ ಸಣ್ಣ ಕಾಲುವೆಯ ಬಾಯಲ್ಲಿ
ಚಾವಣಿಗೆ ಅಂಟಿಕೊಂಡ, ಅಕ್ಕಿಕಾಳಿನಷ್ಟು ಬಿಳಿಚು,
ಅದೊಂದನ್ನೇ ಬಿಡಿಸುವುದು.
ಉಳಿದದ್ದು, ಎಂದರೆ ಆ ಹಸು ಕಂಡ ಬೆಟ್ಟ,
ಕರುವಿನ ವಾಸನೆ ಗುರುತಿಟ್ಟುಕೊಂಡ ಜಾಗ,
ಎಲ್ಲ ಬೇರೆ ಬಕೆಟ್ಟಿಗೆ.

ಪುಸ್ತಕದಲ್ಲಿ ಅದಕ್ಕೊಂದು ಉದ್ದದ ಹೆಸರು.
ನಾನು ನೂಲುವವಳು ಅನ್ನುತ್ತೇನೆ.
ಹಗಲಿರುಳು ಒಸರುತ್ತಾಳೆ;
ಒಸರಿದ್ದು ಹುರಿಗೊಂಡು ಎಳೆಯಾಗಿ
ಬೆನ್ನುಹುರಿಯ ನಡುಗೊಳವೆಯಲ್ಲಿ ಇಳಿದು, ಇಳಿದು,
ಬಾಲದ ತುದಿ ಮುಟ್ಟಿ
ಅಲ್ಲೇ ಕರಗಿಹೋಗುತ್ತದೆ.
ಯಾರ ಬಟ್ಟೆಗೆ ಈ ನೂಲು?

"ದಾರವೇ?" ಎಲಿಸೆಯೋ ಕತ್ತಿ ಒರೆಸುತ್ತ ನಕ್ಕ.
"ಎಷ್ಟು ಬೆನ್ನು ಸೀಳಿದ್ದೇನೆ!
ಒಂದು ಗುಂಡಿ ಹೊಲಿಯುವಷ್ಟೂ ಕಂಡಿಲ್ಲ."

ಪಕ್ಕದ ಕೋಣೆಯ ಹುಡುಗ ಮೀನುಮರಿ ತೋರಿಸಿದ,
ಎಳೆಯಿಲ್ಲದೆ ಹುಟ್ಟಿದವು.
ನೆಟ್ಟಗೆ ಈಜಲಾರದೆ ಬಾಗಿ ಬಿದ್ದಿದ್ದವು
ಕತ್ತರಿಸಿ ಬಿಸಾಡಿದ ಉಗುರಿನ ಹಾಗೆ.
ಅವತ್ತು ಊಟ ಸೇರಲಿಲ್ಲ.

ಪಾಂಗಿಪುಲ್ಲಿಯಲ್ಲಿ ಅಮ್ಮ ಕದಿರು ತಿರುಗಿಸುತ್ತಿದ್ದಳು.
ಕಣ್ಣು ಹೋದ ಮೇಲೂ,
ಉಣ್ಣೆ ಮುಗಿದ ಮೇಲೂ,
ಹೆಬ್ಬೆರಳು ತೋರುಬೆರಳು ಸೇರಿ
ಗಾಳಿಯನ್ನೇ ಹುರಿ ಮಾಡುತ್ತಿದ್ದವು.
ಸಾಕು ಮಾಡಮ್ಮ ಎಂದು ಗದರಿದ್ದೆ.

ಮನುಷ್ಯರಲ್ಲಿ, ಡಾಕ್ಟರಮ್ಮ ಹೇಳಿದರು,
ಗರ್ಭದಲ್ಲಿ ಮೈತುಂಬಿಕೊಂಡಿರುತ್ತದೆ,
ಹುಟ್ಟಿದ ಮೇಲೆ ಸೊರಗುತ್ತ ಬರುತ್ತದೆ,
ದೊಡ್ಡವರ ತಲೆಯಲ್ಲಿ ಹುಡುಕಿದರೂ ಕುರುಹಷ್ಟೇ.
ಏಕೆ?
ಗೊತ್ತಿಲ್ಲ, ಎಂದರು. ಅಷ್ಟು ಓದಿದವರು
ಅಷ್ಟು ಸಲೀಸಾಗಿ ಗೊತ್ತಿಲ್ಲ ಎಂದದ್ದು
ನನಗೆ ಹಿಡಿಸಿತು.
ನನ್ನದು ಯಾವ ದಿನ ನಿಂತಿತೋ.
ನಾನಾಗ ಏನು ಮಾಡುತ್ತಿದ್ದೆನೋ,
ಕೋಳಿ ಅಟ್ಟುತ್ತಿದ್ದೆನೋ.

ಸಂಜೆಯ ಬಸ್ಸಿನಲ್ಲಿ
ಯಾರದೋ ಎರಡು ವರ್ಷದ ಮಗು
ತಾಯ ಮಡಿಲಿಂದ ವಾಲಿ
ನನ್ನ ತೋಳಿಗೆ ತಲೆಯಾನಿಸಿ ನಿದ್ದೆಹೋಯಿತು.
ಬಿಸಿ ತಲೆ. ಜೊಲ್ಲು.
ಒಳಗೆ ಇನ್ನೂ ನಡೆದಿರಬಹುದೇನೋ ಕೆಲಸ,
ಅಕ್ಕಿಕಾಳಿಗಿಂತ ಚಿಕ್ಕದೊಂದು ಮೂಲೆಯಲ್ಲಿ.

ಕೈಗೆ ಕಸಾಯಿಖಾನೆಯ ವಾಸನೆ,
ಜೇಬಿನಿಂದ ತೆಗೆಯಲಿಲ್ಲ.
ಬೆನ್ನು ಬಗ್ಗಿಸದೆ ಕೂತೆ.
ನನ್ನ ಸ್ಟಾಪು ಬಂತು, ಹೋಯಿತು.